ಗುಜರಿಯ ಎಸಿ ಕಂಪ್ರೆಸರ್, ಜೀಪಿನ ಟೈರಿಗೆ ಗಾಳಿ

ಹಾವೇರಿ: ವರದಾ ನದಿಯು ತುಂಗಭದ್ರೆಯನ್ನು ಕೂಡುವ ಸ್ಥಳ ಗಳಗನಾಥ. ಹನ್ನೊಂದನೆಯ ಶತಮಾನದ ಚಾಲುಕ್ಯರ ಕಾಲದ ಗಳಗೇಶ್ವರ ದೇವಾಲಯದಿಂದಲೂ, ಈ ಊರಿನ ಹೆಸರನ್ನೇ ಕಾವ್ಯನಾಮವಾಗಿ ತಾಳಿದ ಕಾದಂಬರಿಕಾರ ವೆಂಕಟೇಶ ತಿರಕೋ ಕುಲಕರ್ಣಿಯವರಿಂದಲೂ (1869–1942) ಇದು ನಾಡಿಗೆ ಪರಿಚಿತ. ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ಅಲೆದು ಮಾರುತ್ತಿದ್ದರೆಂಬುದು ಕನ್ನಡ ಸಾಹಿತ್ಯ ಬಲ್ಲವರಿಗೆಲ್ಲ ತಿಳಿದ ಸಂಗತಿ. ಅವರು ನಡೆದ ಚಕ್ಕಡಿ ದಾರಿಗಳಲ್ಲಿ ಈಗ ಟ್ರ್ಯಾಕ್ಟರುಗಳೂ ಜೀಪುಗಳೂ ಓಡಾಡುತ್ತವೆ. ಆದರೆ ನೆಲದ ಗುಣ ಬದಲಾಗಿಲ್ಲ.

ನದಿಯ ಪಾತ್ರದಲ್ಲಿ ಉಸುಕು, ದಡ ಹತ್ತಿದರೆ ಎರೆಭೂಮಿ. ಬೇಸಿಗೆಯಲ್ಲಿ ಉಸುಕು ಚಕ್ರವನ್ನು ನುಂಗುತ್ತದೆ. ಮಳೆ ಬಿದ್ದ ಮರುದಿನ ಎರೆಮಣ್ಣು ಚಕ್ರಕ್ಕೆ ಮೆತ್ತಿಕೊಂಡು ಟೈರಿನ ಹಲ್ಲುಗಳನ್ನೇ ಮುಚ್ಚಿಬಿಡುತ್ತದೆ. ನಾಲ್ಕು ಚಕ್ರಗಳಿಗೂ ಎಂಜಿನ್ ಶಕ್ತಿ ಹಾಯಿಸುವ ಜೀಪು ಇಂಥ ನೆಲದಲ್ಲಿ ಸಿಕ್ಕಿಬಿದ್ದಾಗ ಅನುಭವಸ್ಥ ಚಾಲಕನು ಮೊದಲು ಮಾಡುವ ಕೆಲಸ ಎಕ್ಸಿಲರೇಟರ್ ತುಳಿಯುವುದಲ್ಲ, ಟೈರಿನ ಗಾಳಿ ಇಳಿಸುವುದು. ಇಳಿಸುವುದು ಸುಲಭ, ಒಂದು ಕಡ್ಡಿ ಸಾಕು. ಮತ್ತೆ ತುಂಬಿಸುವುದು ಹೇಗೆ ಎಂಬುದೇ ಪ್ರಶ್ನೆ.

ಈ ಪ್ರಶ್ನೆಗೆ ಜೀಪುಪ್ರಿಯರು ಕಂಡುಕೊಂಡ ಹಳೆಯ ಉತ್ತರವೊಂದಿದೆ. ಗುಜರಿ ಸೇರಿದ ಕಾರಿನ ಹವಾನಿಯಂತ್ರಣ ಕಂಪ್ರೆಸರನ್ನು ಬಿಚ್ಚಿ ತಂದು, ಜೀಪಿನ ಎಂಜಿನ್ನಿಗೆ ಬೆಲ್ಟಿನ ಮೂಲಕ ಜೋಡಿಸಿ, ಅದರಿಂದ ತಂಪಿನ ಬದಲು ಗಾಳಿಯನ್ನು ಪಡೆಯುವುದು. ಅಮೆರಿಕದಲ್ಲಿ ಹಲವು ದಶಕಗಳಿಂದ ರೂಢಿಯಲ್ಲಿರುವ ಈ ಪದ್ಧತಿ ಸಕಲೇಶಪುರ, ಕೊಡಗು, ಚಿಕ್ಕಮಗಳೂರಿನ ಕಡಿದಾದ ದಾರಿಗಳಲ್ಲಿ ಜೀಪು ಓಡಿಸುವ ಹವ್ಯಾಸಿಗಳ ಮಾತುಕತೆಯಲ್ಲೂ ಆಗಾಗ ತಲೆಯೆತ್ತುತ್ತದೆ. ಕೇಳಲು ಸರಳವಾಗಿ ತೋರುವ ಈ ಕೆಲಸ ಸರಿಯಾಗಿ ನಡೆದರೆ ವರ್ಷಗಟ್ಟಲೆ ಬಾಳುತ್ತದೆ. ತಪ್ಪಿದರೆ ಕಂಪ್ರೆಸರ್ ಸುಡುವುದು ಸಣ್ಣ ನಷ್ಟ, ಟ್ಯಾಂಕು ಸಿಡಿಯುವುದು ದೊಡ್ಡ ನಷ್ಟ.

ಗಾಳಿ ಇಳಿಸುವುದೇಕೆ?

ಸುಮಾರು 1,400 ಕಿಲೋ ತೂಗುವ ಜೀಪಿನ ಪ್ರತಿ ಚಕ್ರದ ಮೇಲೆ 350 ಕಿಲೋ ಭಾರ ಬೀಳುತ್ತದೆ ಎಂದಿಟ್ಟುಕೊಳ್ಳೋಣ. ಟೈರಿನಲ್ಲಿ 30 ಪಿಎಸ್‌ಐ, ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 2.1 ಕಿಲೋ ಒತ್ತಡವಿದ್ದರೆ, ಆ ಭಾರ ಹೊರಲು ಟೈರು ನೆಲದ ಮೇಲೆ ಸುಮಾರು 165 ಚದರ ಸೆಂಟಿಮೀಟರ್ ಹರಡಿಕೊಳ್ಳಬೇಕು. ಒತ್ತಡವನ್ನು 15 ಪಿಎಸ್‌ಐಗೆ ಇಳಿಸಿದರೆ ಈ ಹರವು ಇಮ್ಮಡಿಯಾಗುತ್ತದೆ. ಟೈರಿನ ಬದಿಗೋಡೆಯ ಬಿಗುವನ್ನು ಲೆಕ್ಕಿಸದ ಸ್ಥೂಲ ಗಣಿತವಿದು, ಆದರೂ ತತ್ತ್ವ ಇಷ್ಟೇ. ಹೆಚ್ಚು ಹರಡಿದ ಟೈರು ಉಸುಕನ್ನು ಅಗೆಯುವುದಿಲ್ಲ, ಅದರ ಮೇಲೆ ತೇಲುತ್ತದೆ. ಒಂಟೆಯ ಪಾದವನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರೆಮಣ್ಣಿನ ವಿಷಯ ಬೇರೆ. ಅಲ್ಲಿ ಗಾಳಿ ಇಳಿಸುವುದರಿಂದ ದೊರೆಯುವ ಲಾಭ ಉಸುಕಿನಷ್ಟಿಲ್ಲ. ಮೆತ್ತಗಾದ ಟೈರು ಹೊರಳುವಾಗ ಮಡಿಚಿ ಬಿಚ್ಚಿಕೊಳ್ಳುವುದರಿಂದ ಹಲ್ಲಿಗೆ ಅಂಟಿದ ರಾಡಿ ಸ್ವಲ್ಪ ಉದುರುತ್ತದೆ, ಅಷ್ಟೆ. ನೆನೆದ ಎರೆಹೊಲದಲ್ಲಿ ಮುಂಗಾಲಿನವರೆಗೆ ಹೂತ ಜೀಪನ್ನು ಯಾವ ಕಂಪ್ರೆಸರೂ ಮೇಲೆತ್ತದು. ಅದಕ್ಕೆ ಟ್ರ್ಯಾಕ್ಟರನ್ನೇ ಕರೆಸಬೇಕು.

ಗಾಳಿ ಇಳಿಸಿದ ಜೀಪು ಹೊಲದಾರಿಯಲ್ಲಿ ಮಂದಗತಿಯಿಂದ ಸಾಗುತ್ತಿರುವವರೆಗೆ ತೊಂದರೆಯಿಲ್ಲ. ತೊಂದರೆ ಇರುವುದು ಹೆದ್ದಾರಿಯಲ್ಲಿ. ಹಾವೇರಿ, ಮೋಟೆಬೆನ್ನೂರು, ರಾಣೆಬೆನ್ನೂರುಗಳನ್ನು ಹಾಯ್ದು ಹೋಗುವ, ಹಿಂದೆ 4 ಎಂದಿದ್ದು ಈಗ 48 ಎಂಬ ಸಂಖ್ಯೆ ಪಡೆದಿರುವ ರಾಷ್ಟ್ರೀಯ ಹೆದ್ದಾರಿಯಲ್ಲಿ ಅರೆಗಾಳಿಯ ಟೈರಿನೊಂದಿಗೆ ವೇಗವಾಗಿ ಓಡಿದರೆ ಬದಿಗೋಡೆ ಸತತವಾಗಿ ಮಡಿಚಿ ಬಿಸಿಯೇರುತ್ತದೆ, ಕೊನೆಗೆ ಹರಿಯುತ್ತದೆ. ಆದ್ದರಿಂದ ಡಾಂಬರು ತಲುಪುವ ಮೊದಲೇ ಗಾಳಿ ತುಂಬಬೇಕು. ಪಂಕ್ಚರ್ ಅಂಗಡಿ ಇರುವುದು ಡಾಂಬರಿನ ಅಂಚಿನಲ್ಲಿ, ನದಿಯ ದಂಡೆಯಲ್ಲಲ್ಲ.

ಹಳ್ಳಿಗೆ ಹೊಸದಲ್ಲ

ಹಾಗೆ ನೋಡಿದರೆ ವಾಹನದ ಮೇಲೆಯೇ ಗಾಳಿಯಂತ್ರ ಹೊತ್ತು ತಿರುಗುವುದು ಬಯಲುಸೀಮೆಗೆ ಹೊಸದೇನಲ್ಲ. ಬಾವಿ ತೋಡುವಾಗ ಬಂಡೆ ಸಿಕ್ಕರೆ ಕರೆಸುವ ಟ್ರ್ಯಾಕ್ಟರ್ ಕಂಪ್ರೆಸರನ್ನು ಹಳ್ಳಿಗರು ಬಲ್ಲರು. ಟ್ರ್ಯಾಕ್ಟರಿನ ಎಂಜಿನ್ನಿನಿಂದಲೇ ಶಕ್ತಿ ಪಡೆದ ಆ ದೊಡ್ಡ ಯಂತ್ರ ಒತ್ತಿದ ಗಾಳಿಯಿಂದ ಕಲ್ಲು ಕೊರೆಯುವ ಸುತ್ತಿಗೆ ಕೆಲಸ ಮಾಡುತ್ತದೆ. ಕೊಳವೆಬಾವಿಗೆ ಗಾಳಿ ಊದಿ ನೀರೆತ್ತುವ ಕಂಪ್ರೆಸರ್ ಪಂಪುಗಳೂ ರೈತರಿಗೆ ಚಿರಪರಿಚಿತ. ಸಾರಿಗೆ ಸಂಸ್ಥೆಯ ಬಸ್ಸು ನಿಲ್ದಾಣದಲ್ಲಿ ನಿಂತಾಗ ಕೇಳಿಬರುವ 'ಫುಸ್ಸ್' ಎಂಬ ಸದ್ದು ಕೂಡ ಅದರ ಎಂಜಿನ್ನಿಗೆ ಜೋಡಿಸಿದ ಕಂಪ್ರೆಸರು ಬ್ರೇಕಿಗಾಗಿ ತುಂಬಿಟ್ಟ ಗಾಳಿಯದೇ.

ಹಾಗಿದ್ದರೆ ಬಸ್ಸಿನ ಕಂಪ್ರೆಸರನ್ನೇ ಜೀಪಿಗೆ ಹಾಕಬಹುದಲ್ಲವೇ ಎಂಬ ಪ್ರಶ್ನೆ ಏಳುವುದು ಸಹಜ. ಗಾಳಿಯನ್ನೇ ಒತ್ತಲು ರೂಪಿಸಿದ ಯಂತ್ರವಾದ್ದರಿಂದ ಅದು ಗುಣದಲ್ಲಿ ಮೇಲು. ಆದರೆ ಅದರ ತೂಕ ಹೆಚ್ಚು. ಎಂಜಿನ್ನಿನ ಎಣ್ಣೆಯನ್ನು ಒತ್ತಡದಲ್ಲಿ ಅದಕ್ಕೆ ಹಾಯಿಸಿ ಮರಳಿ ತರಬೇಕು, ಹಲವು ಮಾದರಿಗಳಿಗೆ ತಂಪಿನ ನೀರನ್ನೂ ಹಾಯಿಸಬೇಕು. ಅಲ್ಲದೆ ಎಂಜಿನ್ ತಿರುಗುವಷ್ಟು ಹೊತ್ತೂ ಅದೂ ತಿರುಗುತ್ತದೆ. ಕಾರಿನ ಎಸಿ ಕಂಪ್ರೆಸರಿಗೆ ವಿದ್ಯುತ್ ಕ್ಲಚ್ ಇದೆ. ಬೇಕಾದಾಗ ಗುಂಡಿ ಒತ್ತಿದರೆ ಹಿಡಿಯುತ್ತದೆ, ಬೇಡವಾದಾಗ ಪುಲ್ಲಿ ಮಾತ್ರ ಸುಮ್ಮನೆ ತಿರುಗುತ್ತದೆ. ಜೀಪಿನ ಇಕ್ಕಟ್ಟಾದ ಬಾನೆಟ್ಟಿನೊಳಗೆ ಇದೇ ಅದರ ಹೆಚ್ಚುಗಾರಿಕೆ.

ಯಾವುದನ್ನು ಆರಿಸಬೇಕು

ಈ ಕೆಲಸಕ್ಕೆ ಜಗತ್ತಿನಾದ್ಯಂತ ಹೆಸರಾದದ್ದು ಯಾರ್ಕ್ ಕಂಪೆನಿಯ ಹಳೆಯ ಕಂಪ್ರೆಸರ್. 1970 ಮತ್ತು 80ರ ದಶಕಗಳ ಅಮೆರಿಕದ ಕಾರುಗಳಲ್ಲಿದ್ದ ಈ ಯಂತ್ರಕ್ಕೆ ಸಾಲಿನಲ್ಲಿ ನಿಂತ ಎರಡು ಪಿಸ್ಟನ್ನುಗಳಿವೆ. ಅದಕ್ಕಿಂತ ಮುಖ್ಯವಾಗಿ, ಸ್ಕೂಟರಿನ ಎಂಜಿನ್ನಿಗೆ ಇರುವಂತೆ ತನ್ನದೇ ಎಣ್ಣೆಯ ಗುಂಡಿ ಇದೆ. ನಮ್ಮ ನಾಡಿನ ಗುಜರಿಯಲ್ಲಿ ಇದು ಅಪರೂಪ. ಬೆಂಗಳೂರಿನ ಶಿವಾಜಿನಗರದ ಹಳೆಯ ಬಿಡಿಭಾಗಗಳ ಓಣಿಗಳಲ್ಲಾಗಲಿ, ಜಿಲ್ಲಾ ಕೇಂದ್ರಗಳ ಗುಜರಿಗಳಲ್ಲಾಗಲಿ ಹೆಚ್ಚಾಗಿ ಕಣ್ಣಿಗೆ ಬೀಳುವುದು ಸ್ಯಾಂಡೆನ್ ಮಾದರಿಯ ದುಂಡಗಿನ ಕಂಪ್ರೆಸರುಗಳು ಮತ್ತು ಮಾರುತಿ ಕಾರುಗಳಿಂದ ಬಂದ ಡೆನ್ಸೊ ವಿನ್ಯಾಸದವು. ಸ್ಯಾಂಡೆನ್ನಿನ 508 ಎಂಬ ಹಳೆಯ ಮಾದರಿಯಲ್ಲಿ ಐದು ಪುಟ್ಟ ಪಿಸ್ಟನ್ನುಗಳು ವೃತ್ತಾಕಾರವಾಗಿ ಕುಳಿತಿದ್ದು, ಒಂದು ಸುತ್ತಿಗೆ 138 ಸಿಸಿ ಗಾಳಿಯನ್ನು ಎಳೆಯುತ್ತವೆ.

138 ಸಿಸಿ ಎಂದರೆ ಎಷ್ಟು ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. ನಿಮಿಷಕ್ಕೆ 2,000 ಸುತ್ತಿನಲ್ಲಿ ತಿರುಗಿದರೆ 276 ಲೀಟರ್. ಸೋರಿಕೆ, ಬಿಸಿ, ವಾಲ್ವುಗಳ ತಡೆಗೆಂದು ಮೂರನೆಯ ಒಂದು ಭಾಗ ಕಳೆದರೂ ನಿಮಿಷಕ್ಕೆ 180 ಲೀಟರ್ ಆಸುಪಾಸು ಉಳಿಯುತ್ತದೆ. ಜೀಪಿನ ಟೈರಿನೊಳಗೆ ಸುಮಾರು 50 ಲೀಟರ್ ಜಾಗವಿರುತ್ತದೆ. 15ರಿಂದ 30 ಪಿಎಸ್‌ಐಗೆ ಏರಿಸಲು ಹೊರಗಿನ ಗಾಳಿ ಸುಮಾರು 50 ಲೀಟರ್ ಬೇಕು, ನಾಲ್ಕಕ್ಕೂ ಸೇರಿ 200 ಲೀಟರ್. ಕೊಳವೆಯನ್ನು ಚಕ್ರದಿಂದ ಚಕ್ರಕ್ಕೆ ಸಾಗಿಸುವ ಹೊತ್ತೂ ಸೇರಿ ಮೂರ್ನಾಲ್ಕು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ನಿಮಿಷಕ್ಕೆ 30 ಲೀಟರ್ ಎಂದು ಪೆಟ್ಟಿಗೆಯ ಮೇಲೆ ಬರೆದಿರುವ, ಬ್ಯಾಟರಿಗೆ ಸಿಕ್ಕಿಸುವ ಚಿಕ್ಕ ಪಂಪು ಇದೇ ಕೆಲಸಕ್ಕೆ ಹತ್ತು ನಿಮಿಷ ಮೀರಿಸಬಹುದು, ನಡುವೆ ಬಿಸಿಯಾಗಿ ವಿಶ್ರಾಂತಿಯನ್ನೂ ಕೇಳಬಹುದು.

ಇಲ್ಲಿ ಒಂದು ಮಾತು. ವರ್ಷಕ್ಕೆ ಎರಡು ಸಲ ಹೊಲದಾರಿ ಹಿಡಿಯುವ ಕುಟುಂಬಕ್ಕೆ ಆ ಹತ್ತು ನಿಮಿಷ ದೊಡ್ಡ ನಷ್ಟವೇನಲ್ಲ. ಒಳ್ಳೆಯ ಬ್ಯಾಟರಿ ಪಂಪು ಕೊಂಡು ಡಿಕ್ಕಿಯಲ್ಲಿಡುವುದೇ ಅಂಥವರಿಗೆ ಜಾಣತನ. ಗುಜರಿ ಕಂಪ್ರೆಸರಿನ ಶ್ರಮ ಸಾರ್ಥಕವಾಗುವುದು ದಿನನಿತ್ಯ ಇಂಥ ನೆಲದಲ್ಲಿ ಓಡಾಡುವವರಿಗೆ, ಅಥವಾ ನಾಲ್ಕಾರು ವಾಹನಗಳ ತಂಡ ಕಟ್ಟಿಕೊಂಡು ಹೋಗುವವರಿಗೆ.

ಗುಜರಿಯಲ್ಲಿ ಕಂಪ್ರೆಸರನ್ನು ಕೈಗೆತ್ತಿಕೊಂಡವರು ಮೊದಲು ಕ್ಲಚ್ಚಿನ ಮುಂಭಾಗದ ತಟ್ಟೆಯನ್ನು ಹಿಡಿದು ತಿರುಗಿಸಿ ನೋಡಬೇಕು. ಅದು ನುಣ್ಣಗೆ, ಸಣ್ಣ ಪ್ರತಿರೋಧದೊಂದಿಗೆ ತಿರುಗಬೇಕು. ಗರಗರ ಎಂದರೆ ಬೇರಿಂಗು ಹೋಗಿದೆ. ಹೊರದ್ವಾರಕ್ಕೆ ಹೆಬ್ಬೆರಳಿಟ್ಟು ತಿರುಗಿಸಿದಾಗ ಗಾಳಿ ಬೆರಳನ್ನು ದೂಡಬೇಕು. ಬಳಿಕ ಅದನ್ನು ಬಗ್ಗಿಸಿ ಒಳಗಿನ ಎಣ್ಣೆಯನ್ನು ಬಿಳಿ ಬಟ್ಟೆಯ ಮೇಲೆ ಸುರಿಯಬೇಕು. ತಿಳಿಯಾಗಿದ್ದರೆ ಸರಿ. ಕಪ್ಪಗೆ, ಲೋಹದ ಮಿಣುಕು ಪುಡಿಯೊಂದಿಗೆ ಬಂದರೆ ಎಷ್ಟೇ ಅಗ್ಗವಾದರೂ ಅಲ್ಲೇ ಬಿಟ್ಟು ಬರುವುದು ಲೇಸು. ಇತ್ತೀಚಿನ ಹಲವು ಕಾರುಗಳಲ್ಲಿ ಶೀತಕದ ಒತ್ತಡಕ್ಕೆ ತಕ್ಕಂತೆ ಪಿಸ್ಟನ್ನಿನ ನಡೆಯನ್ನೇ ಹಿಗ್ಗಿಸಿ ಕುಗ್ಗಿಸುವ ಕಂಪ್ರೆಸರುಗಳಿವೆ. ಬರೀ ಗಾಳಿಯಲ್ಲಿ ಅವುಗಳ ನಿಯಂತ್ರಣ ತಬ್ಬಿಬ್ಬಾಗುವುದರಿಂದ ಅವು ಈ ಕೆಲಸಕ್ಕೆ ಒಗ್ಗವು. ಒಂದೇ ಪ್ರಮಾಣದಲ್ಲಿ ದೂಡುವ ಹಳೆಯ ಮಾದರಿಯೇ ಬೇಕು.

ಎಣ್ಣೆಯೇ ನಿಜವಾದ ಸಮಸ್ಯೆ

ಗುಜರಿ ಕಂಪ್ರೆಸರ್ ಜೋಡಿಸಿ ಕೈಸುಟ್ಟುಕೊಂಡವರ ತಪ್ಪು ಬಹುತೇಕ ಒಂದೇ ಬಗೆಯದು. ಯಂತ್ರವನ್ನು ಬಿಗಿದರು, ಬೆಲ್ಟು ಹಾಕಿದರು, ಗಾಳಿ ಬಂತು, ಸಂತೋಷಪಟ್ಟರು. ಕೆಲವೇ ದಿನಗಳಲ್ಲಿ ಅದು ಕಿರುಚಿ ನಿಂತಿತು.

ಕಾರಣ ಕಂಪ್ರೆಸರಿನ ಹುಟ್ಟುಗುಣದಲ್ಲಿದೆ. ಕಾರಿನ ಎಸಿ ವ್ಯವಸ್ಥೆ ಮುಚ್ಚಿದ ವರ್ತುಲ. ಶೀತಕ ಅನಿಲದೊಂದಿಗೆ ಎಣ್ಣೆಯೂ ಬೆರೆತು ಕೊಳವೆಗಳಲ್ಲಿ ಸುತ್ತುತ್ತಾ, ಪ್ರತಿ ಸುತ್ತಿನಲ್ಲೂ ಕಂಪ್ರೆಸರಿಗೆ ಮರಳಿ ಪಿಸ್ಟನ್ನು ಬೇರಿಂಗುಗಳನ್ನು ನೆನೆಸುತ್ತದೆ. ಹೊರಹೋದ ಎಣ್ಣೆ ಒಳಬರುತ್ತದೆಂಬ ಭರವಸೆಯ ಮೇಲೆಯೇ ಆ ಯಂತ್ರ ನಿಂತಿದೆ. ಅದನ್ನೇ ತೆರೆದ ಗಾಳಿಗೆ ಹಚ್ಚಿದಾಗ ವರ್ತುಲ ತುಂಡಾಗುತ್ತದೆ. ಎಣ್ಣೆ ಗಾಳಿಯೊಂದಿಗೆ ಟೈರಿಗೆ ಹೋಗುತ್ತದೆ, ಮರಳುವುದಿಲ್ಲ. ಒಳಗಿದ್ದ ನೂರಿನ್ನೂರು ಮಿಲಿಲೀಟರು ಮುಗಿದ ಮೇಲೆ ಲೋಹವನ್ನು ಲೋಹ ತಿನ್ನಲಾರಂಭಿಸುತ್ತದೆ. ಯಾರ್ಕಿನ ಕೀರ್ತಿಯ ಗುಟ್ಟೂ ಇದೇ. ತನ್ನದೇ ಗುಂಡಿಯಲ್ಲಿ ಎಣ್ಣೆ ಇಟ್ಟುಕೊಂಡ ಅದು ವರ್ತುಲವನ್ನು ನೆಚ್ಚಿಲ್ಲ.

ಆದ್ದರಿಂದ ಸ್ಯಾಂಡೆನ್ ಅಥವಾ ಅಂಥ ಯಂತ್ರಕ್ಕೆ ಹೊರಗಿನಿಂದ ಎಣ್ಣೆ ಉಣಿಸಬೇಕು. ಕಾರ್ಖಾನೆಗಳ ಗಾಳಿಯಂತ್ರಗಳಿಗೆ ಹಾಕುವ, ಫಿಟ್ಟರುಗಳು 'ಎಫ್‌ಆರ್‌ಎಲ್' ಎಂದು ಕರೆಯುವ ಸಾಧನದಲ್ಲಿ ಗಾಳಿಗೆ ಎಣ್ಣೆ ತೊಟ್ಟಿಕ್ಕಿಸುವ ಬುಡ್ಡಿಯೊಂದಿದೆ. ಅಂಥದ್ದನ್ನು ಕಂಪ್ರೆಸರು ಗಾಳಿ ಹೀರುವ ಕಡೆಗೆ ಜೋಡಿಸಿದರೆ ಹನಿಹನಿಯಾಗಿ ಎಣ್ಣೆ ಒಳಸೇರುತ್ತದೆ. ಹೊರದ್ವಾರದ ಕಡೆಗೆ ಎಣ್ಣೆ ಬೇರ್ಪಡಿಸುವ ಬುಡ್ಡಿ ಇನ್ನೊಂದು ಬೇಕು. ಇಲ್ಲದಿದ್ದರೆ ಎಣ್ಣೆಯ ಮಂಜು ಟೈರಿನೊಳಗೆ ಸೇರಿ ರಬ್ಬರನ್ನು ಕ್ರಮೇಣ ಕೆಡಿಸುತ್ತದೆ. ಅಚ್ಚುಕಟ್ಟಾಗಿ ಕೆಲಸ ಮಾಡುವವರು ಬೇರ್ಪಟ್ಟ ಎಣ್ಣೆಯನ್ನು ಸಣ್ಣ ಕೊಳವೆಯ ಮೂಲಕ ಹೀರುದ್ವಾರಕ್ಕೇ ಮರಳಿಸಿ, ಮುರಿದ ವರ್ತುಲವನ್ನು ಹೀಗೆ ಅರೆಬರೆಯಾಗಿ ಮತ್ತೆ ಕೂಡಿಸುತ್ತಾರೆ.

ಯಾವ ಎಣ್ಣೆ ಎಂಬುದೂ ಮುಖ್ಯ. ಎಸಿಗೆ ಬಳಸುವ ಪಿಎಜಿ ಎಣ್ಣೆ ಗಾಳಿಯ ತೇವವನ್ನು ಉಪ್ಪಿನಂತೆ ಹೀರಿಕೊಳ್ಳುತ್ತದೆ. ಮುಚ್ಚಿದ ವರ್ತುಲದಲ್ಲಿ ತೇವವೇ ಇಲ್ಲದ್ದರಿಂದ ಅಲ್ಲಿ ಬಾಧಕವಿಲ್ಲ. ಮುಂಗಾರಿನ ಗಾಳಿಗೆ ಅದನ್ನು ಒಡ್ಡಿದರೆ ಒಳಗೆ ತುಕ್ಕು ನಿಶ್ಚಿತ. ಹಳೆಯ ಎಣ್ಣೆಯನ್ನು ಪೂರ್ತಿ ಬಸಿದು, ತೊಳೆದು, ಗಾಳಿ ಕಂಪ್ರೆಸರಿಗೆಂದೇ ಮಾರುವ ಎಣ್ಣೆಯನ್ನು ಹಾಕುವುದೇ ಸರಿಯಾದ ಕ್ರಮ.

ಎಣ್ಣೆಯ ಜೊತೆಗೆ ದೂಳಿನ ಮಾತೂ ಬರುತ್ತದೆ. ಬೇಸಿಗೆಯ ಎರೆದೂಳು ಪುಡಿಮಾಡಿದ ಅರದಂತೆ ಕೆಲಸ ಮಾಡುತ್ತದೆ. ಬ್ಯಾಡಗಿ ಮಾರುಕಟ್ಟೆಯ ಆಸುಪಾಸಿನಲ್ಲಾದರೆ ಗಾಳಿಯಲ್ಲಿ ಮೆಣಸಿನಕಾಯಿಯ ಘಾಟೂ ಸೇರಿರುತ್ತದೆ. ಅದು ಯಂತ್ರಕ್ಕಿಂತ ಮೆಕ್ಯಾನಿಕ್ಕನ ಮೂಗಿಗೆ ಕಷ್ಟ. ಕಂಪ್ರೆಸರಿನ ಬಾಯಿಗೆ ಒಳ್ಳೆಯ ಗಾಳಿಶೋಧಕ ಬೇಕು. ಡೀಸೆಲ್ ಜೀಪಿನಲ್ಲಿ ಎಂಜಿನ್ನಿನದೇ ಶೋಧಕದ ಶುದ್ಧ ಬದಿಯಿಂದ ಕೊಳವೆ ತರುವುದು ಸುಲಭದ ದಾರಿ, ಅದು ಹೊಳೆ ದಾಟುವಾಗ ನೀರು ನುಗ್ಗದಂತೆಯೂ ಕಾಯುತ್ತದೆ.

ಎಣ್ಣೆ ಬೆರೆತ ಈ ಗಾಳಿಯಿಂದ ಮಾಡಬಾರದ ಕೆಲಸವೊಂದಿದೆ. ಹಾಳುಬಾವಿಗೆ ಇಳಿದವರಿಗೆ ಉಸಿರಾಡಲು ಇಂಥ ಕಂಪ್ರೆಸರಿನ ಕೊಳವೆಯನ್ನು ಬಾಯಿಗೆ ಕೊಡುವುದು. ಗಾಳಿ ತಾನೇ ಎಂಬ ಭಾವನೆ ಸಹಜ, ಆದರೆ ಎಣ್ಣೆಯ ಮಂಜೂ ಸುಟ್ಟ ಎಣ್ಣೆಯ ಹೊಗೆಯೂ ಎಂಜಿನ್ನಿನ ವಿಷಾನಿಲವೂ ಅದರಲ್ಲಿ ಸೇರಿರಬಹುದು. ಇದು ಟೈರಿನ ಗಾಳಿ, ಮನುಷ್ಯನ ಗಾಳಿಯಲ್ಲ.

ಕಾಣದ ಬಿಸಿ

ಸೈಕಲ್ ಪಂಪಿನ ತುದಿ ಬೆಚ್ಚಗಾಗುವುದನ್ನು ಎಲ್ಲರೂ ಕಂಡಿದ್ದಾರೆ. ಒತ್ತಿದ ಗಾಳಿ ಬಿಸಿಯಾಗುತ್ತದೆ. 30 ಡಿಗ್ರಿಯ ಗಾಳಿಯನ್ನು ಸ್ವಲ್ಪವೂ ತಣಿಯಗೊಡದೆ 100 ಪಿಎಸ್‌ಐಗೆ ಒತ್ತಿದರೆ ಲೆಕ್ಕದ ಪ್ರಕಾರ ಅದರ ಉಷ್ಣತೆ 250 ಡಿಗ್ರಿಯನ್ನು ಮೀರುತ್ತದೆ. ಕಂಪ್ರೆಸರಿನ ಲೋಹ ಬಿಸಿಯನ್ನು ಹೀರುವುದರಿಂದ ವಾಸ್ತವದಲ್ಲಿ ಅಷ್ಟೇರದು. ಆದರೂ ನೀರು ಕುದಿಯುವ ಮಟ್ಟವನ್ನು ಅದು ಆರಾಮವಾಗಿ ದಾಟುತ್ತದೆ. ಎಸಿಯಲ್ಲಿದ್ದಾಗ ಈ ಕಂಪ್ರೆಸರಿಗೆ ತಣ್ಣಗಿನ ಶೀತಕ ಅನಿಲವೇ ಮರಳಿ ಬಂದು ಮೈ ತಂಪಾಗಿಸುತ್ತಿತ್ತು. ಹೊಸ ಕೆಲಸದಲ್ಲಿ ಆ ಉಪಕಾರ ತಪ್ಪಿದೆ.

ಇದರ ಪರಿಣಾಮ ಎರಡು. ಹೊರದ್ವಾರಕ್ಕೆ ಮಾಮೂಲಿ ರಬ್ಬರ್ ಕೊಳವೆ ಸಿಕ್ಕಿಸಿದರೆ ಅದು ಮೆತ್ತಗಾಗಿ ಹಾರಿಹೋಗುತ್ತದೆ. ಆದ್ದರಿಂದ ಮೊದಲ ಒಂದು ಮೀಟರಾದರೂ ತಾಮ್ರ ಅಥವಾ ಉಕ್ಕಿನ ಕೊಳವೆಯೋ, ಉಕ್ಕಿನ ಹೆಣಿಗೆಯ ಟೆಫ್ಲಾನ್ ಕೊಳವೆಯೋ ಇರಬೇಕು. ಎರಡನೆಯದಾಗಿ, ಯಂತ್ರವನ್ನು ಬಿಡುವಿಲ್ಲದೆ ಓಡಿಸಬಾರದು. ಒಂದು ಜೀಪಿನ ನಾಲ್ಕು ಟೈರು ತುಂಬುವಷ್ಟು ಹೊತ್ತು ಅದಕ್ಕೆ ಹಗುರ ಕೆಲಸ. ಹತ್ತು ಜೀಪುಗಳಿಗೆ ಸಾಲಾಗಿ ತುಂಬಹೊರಟರೆ ಒಳಗಿನ ಎಣ್ಣೆ ಸುಟ್ಟು ವಾಲ್ವುಗಳ ಮೇಲೆ ಮಸಿಗಟ್ಟುತ್ತದೆ.

ಟ್ಯಾಂಕು: ಮೋಸ ಹೋಗಬಾರದ ಜಾಗ

ಜೋಡಣೆಯ ಭಾಗಗಳಲ್ಲೆಲ್ಲ ಹೆಚ್ಚು ಅಲಕ್ಷ್ಯಕ್ಕೆ ಒಳಗಾಗುವುದು ಗಾಳಿ ಸಂಗ್ರಹಿಸುವ ಟ್ಯಾಂಕು. ಪ್ರಾಣಾಪಾಯ ಇರುವುದೂ ಅಲ್ಲಿಯೇ.

ಮೊದಲಿಗೆ, ಟ್ಯಾಂಕು ದೊಡ್ಡದಿದ್ದಷ್ಟೂ ಒಳ್ಳೆಯದು ಎಂಬ ಭ್ರಮೆ ಬಿಡಬೇಕು. 10 ಲೀಟರ್ ಟ್ಯಾಂಕಿನಲ್ಲಿ 100 ಪಿಎಸ್‌ಐ ಗಾಳಿ ಇದ್ದರೆ, ಅದು 30ಕ್ಕೆ ಇಳಿಯುವವರೆಗೆ ಹೊರಕೊಡುವ ಗಾಳಿ 50 ಲೀಟರಿಗೂ ಕಡಿಮೆ. ಅಂದರೆ ಒಂದೇ ಟೈರಿಗೆ ಸಾಲುವುದೂ ಕಷ್ಟ. ಟೈರು ತುಂಬಿಸುವುದು ಕಂಪ್ರೆಸರೇ ಹೊರತು ಟ್ಯಾಂಕಲ್ಲ. ಕಂಪ್ರೆಸರಿನ ಬಡಿತವನ್ನು ಸಮಗೊಳಿಸುವುದು, ಬಿಸಿಗಾಳಿ ತಣಿದು ನೀರು ಕೆಳಗಿಳಿಯಲು ಜಾಗ ಕೊಡುವುದು, ಕ್ಲಚ್ಚು ಕ್ಷಣಕ್ಷಣಕ್ಕೂ ಹಿಡಿದು ಬಿಡುವುದನ್ನು ತಪ್ಪಿಸುವುದು, ಇಷ್ಟೇ ಅದರ ಕೆಲಸ. ಚಿಕ್ಕ ಟ್ಯಾಂಕು ಸಾಕು. ಟ್ಯಾಂಕಿಲ್ಲದೆ ನೇರ ತುಂಬಿಸುವವರೂ ಇದ್ದಾರೆ.

ಚಿಕ್ಕ ಟ್ಯಾಂಕಿನಲ್ಲೂ ಶಕ್ತಿ ಚಿಕ್ಕದಲ್ಲ. ಮೇಲೆ ಹೇಳಿದ 10 ಲೀಟರ್ ಟ್ಯಾಂಕಿನಲ್ಲಿ ಅಡಗಿರುವ ಶಕ್ತಿ ಸುಮಾರು 9,000 ಜೂಲ್. ಐವತ್ತು ಕಿಲೋ ಸಿಮೆಂಟ್ ಚೀಲವನ್ನು ಐದಾರು ಅಂತಸ್ತಿನ ಕಟ್ಟಡದ ಮೇಲಿಂದ ಬೀಳಿಸಿದರೆ ನೆಲಕ್ಕೆ ಬಡಿಯುವಷ್ಟು. ಅದು ಒಮ್ಮೆಗೇ ಬಿಡುಗಡೆಯಾದರೆ ಲೋಹದ ಹಾಳೆ ಗರಗಸವಾಗುತ್ತದೆ.

ಹೀಗಿರುವಾಗ ಶೀತಕ ಅನಿಲದ ಖಾಲಿ ಸಿಲಿಂಡರನ್ನು ಟ್ಯಾಂಕಾಗಿ ಬಳಸುವ ಅಭ್ಯಾಸ ಅತ್ಯಂತ ಅಪಾಯಕರ. ಎಸಿ ರಿಪೇರಿ ಅಂಗಡಿಗಳ ಮೂಲೆಯಲ್ಲಿ ಬಿದ್ದಿರುವ ಆ ಬಣ್ಣದ ಸಿಲಿಂಡರುಗಳು ಒಂದೇ ಸಲ ಬಳಸಿ ಎಸೆಯಲೆಂದು ತೆಳು ಹಾಳೆಯಲ್ಲಿ ಮಾಡಿದವು. ತೇವದ ಗಾಳಿ ತುಂಬಿದರೆ ಅವು ಒಳಗಿನಿಂದ ತುಕ್ಕು ಹಿಡಿಯುತ್ತವೆ, ಹೊರಗೆ ಬಣ್ಣ ಹೊಳೆಯುತ್ತಲೇ ಇರುತ್ತದೆ. ಅಡುಗೆ ಅನಿಲದ ಸಿಲಿಂಡರನ್ನು ಮುಟ್ಟುವುದಂತೂ ಕಾನೂನಿಗೂ ವಿರುದ್ಧ. ಕೆಲವರು ನೀರಿನ ಪಿವಿಸಿ ಪೈಪಿನಲ್ಲೇ ಟ್ಯಾಂಕು ಮಾಡಿಕೊಳ್ಳುವುದುಂಟು. ನೀರು ತುಂಬಿದ ಪೈಪು ಒಡೆದರೆ ಸೋರುತ್ತದೆ, ಗಾಳಿ ತುಂಬಿದ್ದು ಒಡೆದರೆ ಚೂರುಗಳು ಗುಂಡಿನಂತೆ ಹಾರುತ್ತವೆ.

ಲಾರಿ ಬಸ್ಸುಗಳ ಬ್ರೇಕಿನ ಗಾಳಿಟ್ಯಾಂಕು ಈ ಕೆಲಸಕ್ಕೆ ಯೋಗ್ಯ. ಅದನ್ನು ಇಂಥ ಒತ್ತಡಕ್ಕೆಂದೇ ಮಾಡಿರುತ್ತಾರೆ. ಆದರೆ ಗುಜರಿಯಿಂದ ತಂದದ್ದಾದರೆ ನೀರಿನ ಪರೀಕ್ಷೆ ಆಗಲೇಬೇಕು. ಟ್ಯಾಂಕನ್ನು ಗಾಳಿಯ ಗುಳ್ಳೆಯೂ ಉಳಿಯದಂತೆ ನೀರಿನಿಂದ ತುಂಬಿ, ಕೈಪಂಪಿನಿಂದ ಬಳಕೆಯ ಒತ್ತಡದ ಒಂದೂವರೆ ಪಟ್ಟಿಗೆ ಏರಿಸಿ, ಸೋರಿಕೆಯನ್ನೂ ಉಬ್ಬನ್ನೂ ನೋಡುವುದು ಕ್ರಮ. ನೀರು ಒತ್ತಿದರೂ ಕುಗ್ಗದು, ಆದ್ದರಿಂದ ಅದರಲ್ಲಿ ಶಕ್ತಿ ಸಂಗ್ರಹವಾಗದು. ಟ್ಯಾಂಕು ಬಿರಿದರೂ ನೀರು ಚಿಮ್ಮಿ ನಿಲ್ಲುತ್ತದೆ. ಇದೇ ಪರೀಕ್ಷೆಯನ್ನು ಗಾಳಿಯಿಂದ ಮಾಡುವುದು ಪರೀಕ್ಷೆಯಲ್ಲ, ಪಂದ್ಯ. ಹಳೆಯ ಟ್ಯಾಂಕಿಗೆ ಹೊಸ ತೂತು ಕೊರೆಯುವುದು, ಕಿವಿಗಳನ್ನು ಬೆಸುಗೆ ಹಾಕುವುದು ಬೇಡ. ಸುತ್ತ ಪಟ್ಟಿ ಬಿಗಿದು ಕೂರಿಸಬಹುದು.

ಟ್ಯಾಂಕಿನ ಮೇಲೆ ಸೇಫ್ಟಿ ವಾಲ್ವು, ತಳದಲ್ಲಿ ನೀರು ಬಸಿಯುವ ಕಾಕು, ಕಾಣುವಂತೆ ಒಂದು ಗೇಜು ಇರಬೇಕು. ಪ್ರೆಷರ್ ಸ್ವಿಚ್ಚು 100ಕ್ಕೆ ಕಂಪ್ರೆಸರನ್ನು ನಿಲ್ಲಿಸುವಂತಿದ್ದರೆ ಸೇಫ್ಟಿ ವಾಲ್ವು 120ರ ಆಸುಪಾಸಿನಲ್ಲಿ ತೆರೆದುಕೊಳ್ಳಬೇಕು. ಸ್ವಿಚ್ಚು ಕೈಕೊಟ್ಟ ದಿನ ಪ್ರಾಣ ಉಳಿಸುವುದು ಆ ಪುಟ್ಟ ಹಿತ್ತಾಳೆಯ ವಾಲ್ವೇ. ಟ್ಯಾಂಕಿಗೂ ಅದಕ್ಕೂ ನಡುವೆ ಯಾವ ನಲ್ಲಿಯೂ ಇರಕೂಡದು. ತಳದ ಕಾಕನ್ನು ಮಳೆಗಾಲದಲ್ಲಿ ಬಳಸಿದ ದಿನವೇ ತೆರೆಯಬೇಕು. 30 ಡಿಗ್ರಿಯ ತೇವಭರಿತ ಗಾಳಿಯ ಪ್ರತಿ ಘನಮೀಟರಿನಲ್ಲಿ 20 ಗ್ರಾಮಿಗೂ ಹೆಚ್ಚು ನೀರಾವಿ ಇರುತ್ತದೆ. ಒತ್ತಿ ತಣಿಸಿದಾಗ ಬಹುಪಾಲು ಟ್ಯಾಂಕಿನ ತಳದಲ್ಲೇ ನಿಲ್ಲುತ್ತದೆ.

ಬೆಲ್ಟು, ಬ್ರಾಕೆಟ್ಟು, ತಂತಿ

ಜೀಪಿನ ಎಂಜಿನ್ ಯಾವ ಕುಟುಂಬದ್ದೋ ಅದೇ ಕುಟುಂಬದ ಎಸಿ ಇದ್ದ ಕಾರಿನ ಬ್ರಾಕೆಟ್ಟು ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಮಾರುತಿ ಜಿಪ್ಸಿಯ 1.3 ಲೀಟರ್ ಎಂಜಿನ್ನೂ ಎಸ್ಟೀಮ್ ಕಾರಿನದೂ ಒಂದೇ ವಂಶದವು, ಆದ್ದರಿಂದ ಎಸ್ಟೀಮಿನ ಗುಜರಿಯಲ್ಲಿ ಮೊದಲು ಹುಡುಕುವುದು ವಿವೇಕ. ಹೊಂದದಿದ್ದರೆ ಬ್ರಾಕೆಟ್ಟನ್ನು ಹೊಸದಾಗಿ ಮಾಡಿಸಬೇಕು. ತೆಳು ಪಟ್ಟಿಯಲ್ಲಿ ಮಾಡಿಸಿದ ಬ್ರಾಕೆಟ್ಟು ಡೀಸೆಲ್ ಎಂಜಿನ್ನಿನ ನಡುಕಕ್ಕೆ ಬಿರುಕು ಬಿಡುತ್ತದೆ, ದಪ್ಪ ಉಕ್ಕೇ ಬೇಕು. ಎಲ್ಲ ಪುಲ್ಲಿಗಳೂ ಒಂದೇ ಗೆರೆಯಲ್ಲಿ ನಿಲ್ಲಬೇಕು. ಚಾಚಿದ ದಾರವೊಂದನ್ನು ಪುಲ್ಲಿಗಳ ಮುಖಕ್ಕೆ ಹಿಡಿದು ನೋಡುವ ಹಳೆಯ ಉಪಾಯ ಇಂದಿಗೂ ಸಾಕು.

ಶಕ್ತಿಯ ಮಟ್ಟಿಗೆ ಚಿಂತೆಯಿಲ್ಲ. 100 ಪಿಎಸ್‌ಐಗೆ ಒತ್ತುವಾಗ ಇಂಥ ಕಂಪ್ರೆಸರು ಒಂದೂವರೆ ಅಶ್ವಶಕ್ತಿಯ ಆಸುಪಾಸು ಕೇಳುತ್ತದೆ. ಜೀಪಿಗೆ ಅದು ಲೆಕ್ಕಕ್ಕಿಲ್ಲ. ಆದರೆ ಎಂಜಿನ್ ಬರೀ ಐಡ್ಲಿಂಗಿನಲ್ಲಿದ್ದರೆ ಗಾಳಿಯೂ ಕಡಿಮೆ, ಎಣ್ಣೆಯ ಹನಿಯೂ ಕಡಿಮೆ. ಗೇರು ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಎಂಜಿನ್ ವೇಗವನ್ನು ತುಸು ಏರಿಸಿಕೊಂಡು ಬಳಸಬೇಕು.

ಕ್ಲಚ್ಚಿನ ಸುರುಳಿ ಹನ್ನೆರಡು ವೋಲ್ಟಿನಲ್ಲಿ ಮೂರ್ನಾಲ್ಕು ಆಂಪಿಯರ್ ಎಳೆಯುತ್ತದೆ. ರಿಲೇ ಮತ್ತು ಫ್ಯೂಸಿನ ಮೂಲಕ ತಂತಿ ತಂದು, ಎಂಜಿನ್ನಿನ ಕೀಲಿ ತಿರುಗಿದಾಗ ಮಾತ್ರ ಕೆಲಸ ಮಾಡುವಂತೆ ಸ್ವಿಚ್ಚು ಕೂರಿಸಬೇಕು. ಕಂಪ್ರೆಸರಿಗೂ ಟ್ಯಾಂಕಿಗೂ ನಡುವೆ ನಾನ್ ರಿಟರ್ನ್ ವಾಲ್ವು ಇಲ್ಲದಿದ್ದರೆ ಟ್ಯಾಂಕಿನ ಗಾಳಿ ಹಿಮ್ಮುಖವಾಗಿ ಸೋರುತ್ತದೆ, ಮುಂದಿನ ಸಲ ಕ್ಲಚ್ಚು ಹಿಡಿಯುವಾಗ ತುಂಬಿದ ಒತ್ತಡದ ವಿರುದ್ಧವೇ ಎಳೆದು ಬೆಲ್ಟು ಜಾರುತ್ತದೆ.

ಶೀತಕವನ್ನು ಗಾಳಿಗೆ ಬಿಡಬೇಡಿ

ಗುಜರಿ ಕಾರಿನ ಎಸಿ ಕೊಳವೆಯನ್ನು ಸ್ಪ್ಯಾನರ್ ಹಾಕಿ ಸಡಿಲಿಸಿದಾಗ 'ಬುಸ್' ಎಂದು ಹೊರಬರುವ ಅನಿಲ ನಿರುಪದ್ರವಿಯಂತೆ ಕಂಡರೂ ಹಾಗಿಲ್ಲ. ಹಳೆಯ ಕಾರುಗಳಲ್ಲಿದ್ದ ಆರ್-12 ಓಝೋನ್ ಪದರವನ್ನು ಕೊರೆಯುವಂಥದ್ದು. ಅದರ ಬದಲಿಗೆ ಬಂದ ಆರ್-134ಎ ಓಝೋನನ್ನು ಮುಟ್ಟದಿದ್ದರೂ, ಭೂಮಿಯನ್ನು ಬಿಸಿಯಾಗಿಸುವುದರಲ್ಲಿ ಅದರ ಒಂದು ಕಿಲೋ ನೂರು ವರ್ಷಗಳ ಲೆಕ್ಕದಲ್ಲಿ 1,300 ಕಿಲೋಗೂ ಹೆಚ್ಚು ಇಂಗಾಲದ ಡೈಆಕ್ಸೈಡಿಗೆ ಸಮ. ಇಂಥ ಅನಿಲಗಳನ್ನು ಹಂತಹಂತವಾಗಿ ತಗ್ಗಿಸುವ 2016ರ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಅನುಮೋದಿಸಿದೆ. ಎಸಿ ರಿಪೇರಿಯವರ ಬಳಿ ಅನಿಲವನ್ನು ಹಿಂದೆಗೆದು ತುಂಬಿಕೊಳ್ಳುವ ಯಂತ್ರವಿದ್ದರೆ ಮೊದಲು ಅವರಿಂದ ಖಾಲಿ ಮಾಡಿಸಿ ಬಳಿಕ ಬಿಚ್ಚಬೇಕು. ಒತ್ತಡದಿಂದ ಚಿಮ್ಮುವ ಶೀತಕ ಕಣ್ಣಿಗೆ ತಗುಲಿದರೆ ದೃಷ್ಟಿಗೇ ಕುತ್ತು ಎಂಬುದೂ ನೆನಪಿರಲಿ.

ಕಾನೂನಿನ ಮಾತು

1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ, ವಾಹನದ ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ಮಾಲೀಕರು ಮಾರ್ಪಾಡು ಮಾಡುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಕಾಯಿದೆಯು, ಅನುಮತಿಯಿಲ್ಲದ ಬಿಡಿಭಾಗ ಜೋಡಿಸಿ ವಾಹನ ಮಾರ್ಪಡಿಸುವ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶ ಕಲ್ಪಿಸಿದೆ.

ಬಾನೆಟ್ಟಿನೊಳಗೆ ಕೂರುವ ಕಂಪ್ರೆಸರು ವಾಹನದ ಅಳತೆಯನ್ನಾಗಲಿ, ಎಂಜಿನ್ನನ್ನಾಗಲಿ, ಆಸನಗಳ ಸಂಖ್ಯೆಯನ್ನಾಗಲಿ ಬದಲಿಸುವುದಿಲ್ಲ. ಆದ್ದರಿಂದ ಇದು ಆ ಕಲಮಿನ ವ್ಯಾಪ್ತಿಗೆ ಬಾರದು ಎಂದು ವಾದಿಸುವವರಿದ್ದಾರೆ. ವಾದದಲ್ಲಿ ಹುರುಳಿದೆ. ಆದರೆ ಬಂಪರಿನ ಹೊರಗೆ ಚಾಚಿದ ಟ್ಯಾಂಕಿಗಾಗಲಿ, ಕಂಪ್ರೆಸರಿನ ಜೊತೆಗೇ ಏರಿಸಿದ ದೊಡ್ಡ ಟೈರು, ಎತ್ತರಿಸಿದ ಸಸ್ಪೆನ್ಷನ್ನುಗಳಿಗಾಗಲಿ ಆ ವಾದ ಸಲ್ಲದು. ಹಾವೇರಿಯ ಕೆಎ-27 ಆಗಲಿ, ರಾಣೆಬೆನ್ನೂರಿನ ಕೆಎ-68 ಆಗಲಿ, ತಮ್ಮ ವಾಹನ ನೋಂದಣಿಯಾದ ಸಾರಿಗೆ ಕಚೇರಿಯಲ್ಲೂ ವಿಮಾ ಕಂಪೆನಿಯಲ್ಲೂ ಲಿಖಿತವಾಗಿ ಕೇಳಿಕೊಂಡು ಮುಂದುವರಿಯುವುದು ಮಾಲೀಕರಿಗೆ ಕ್ಷೇಮ. ಅಪಘಾತದ ನಂತರ ವಿಮೆಯ ಸಮೀಕ್ಷಕರು ಬಾನೆಟ್ ತೆರೆದಾಗ ವಿವರಣೆ ಕೊಡುವುದಕ್ಕಿಂತ ಒಂದು ಅರ್ಜಿ ಬರೆಯುವುದು ಸುಲಭ.

ಜೋಡಣೆ ಮುಗಿದ ಮೇಲೆ ನೇರವಾಗಿ ಗಳಗನಾಥದ ಉಸುಕಿಗೆ ಇಳಿಯುವ ಅವಸರ ಬೇಡ. ಗ್ಯಾರೇಜಿನ ಅಂಗಳದಲ್ಲೇ ಟ್ಯಾಂಕನ್ನು 100ಕ್ಕೆ ಏರಿಸಿ ಎಂಜಿನ್ ನಿಲ್ಲಿಸಿ, ಕೀಲುಗಳಿಗೆಲ್ಲ ಸಾಬೂನಿನ ನೊರೆ ಬಳಿದು ಗುಳ್ಳೆ ಏಳುತ್ತದೆಯೇ ನೋಡಬೇಕು. ರಾತ್ರಿ ಗೇಜಿನ ಮುಳ್ಳು ಎಲ್ಲಿತ್ತೋ ಬೆಳಿಗ್ಗೆಯೂ ಹೆಚ್ಚುಕಡಿಮೆ ಅಲ್ಲೇ ಇರಬೇಕು. ಮೊದಲ ಹತ್ತು ಬಾರಿ ತುಂಬಿಸಿದ ಬಳಿಕ ಎಣ್ಣೆಯ ಬುಡ್ಡಿ ಎಷ್ಟು ಇಳಿದಿದೆ, ಬೇರ್ಪಡಿಸುವ ಬುಡ್ಡಿಯಲ್ಲಿ ಎಷ್ಟು ಕೂಡಿದೆ ಎಂಬುದನ್ನು ಹೋಲಿಸಿ ಹನಿಯ ವೇಗವನ್ನು ತಿದ್ದಬೇಕು. ಬ್ರಾಕೆಟ್ಟಿನ ಬೋಲ್ಟುಗಳನ್ನು ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬಿಗಿಯಬೇಕು, ಹೊಸ ಬೆಲ್ಟನ್ನೂ ಆಗಲೇ.